ಕಾರ್ಮಿಕಬಂಧು ಎನ್. ಎಂ. ಜೋಶಿ

ಹೆರಿಗೆಯ ದಿನಗಳಲ್ಲಿ ಕೂಲಿಯ ಹೆಣ್ಣಿಗೆ ವಿಶ್ರಾಂತಿಯೂ ಬೇಕು, ಅನ್ನವೂ ಬೇಕು. ಕೂಲಿಯಿಲ್ಲದ ವಿಶ್ರಾಂತಿ ಆಕೆಗೆ ಉಪವಾಸವೇ ಸರಿ. ಈ ಸತ್ಯವನ್ನು ನಮ್ಮ ಶಾಸನಸಭೆಯ ಮುಂದಿಟ್ಟ ಮಹನೀಯರು ನಾರಾಯಣ ಮಲ್ಹಾರ ಜೋಶಿಯವರು.

ಕೊಲಾಬಾ ಜಿಲ್ಲೆಯ ಗೋರೆಗಾಂವದಲ್ಲಿ 1879ರಲ್ಲಿ ಜನಿಸಿದ ಇವರು ಪುಣೆಯಲ್ಲಿ ವ್ಯಾಸಂಗ ಮಾಡಿ, ಕೆಲಕಾಲ ಉಪಾಧ್ಯಾಯರಾಗಿದ್ದು, 1909ರಲ್ಲಿ ಗೋಖಲೆಯವರ ಭಾರತ ಸೇವಕ ಸಮಾಜವನ್ನು ಸೇರಿದರು. 1911ರಲ್ಲಿ ಮುಂಬಯಿಯಲ್ಲಿ ಸೋಷಿಯಲ್ ಸರ್ವಿಸ್ ಲೀಗನ್ನು ಸ್ಥಾಪಿಸಿ ಗಿರಣಿ ಕೆಲಸಗಾರರ ಸೇವೆಗೆ ನಿಂತರು. ಮದುವೆ, ಮನೆ, ಮಕ್ಕಳಿದ್ದ ಗಿರಣಿಯ ಹೆಂಗಸರ ಕಷ್ಟ ಅವರಿಗೆ ಕೇಳಿದ ಮಾತಲ್ಲ, ಕಣ್ಣಾರೆ ಕಂಡದ್ದು.

1919ರಲ್ಲಿ ವಾಷಿಂಗ್ಟನ್ನಿನ ಮೊದಲ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನಕ್ಕೆ ಅವರು ಭಾರತದ ಕಾರ್ಮಿಕರ ಪ್ರತಿನಿಧಿಯಾಗಿ ಹೋದರು. ಹೆರಿಗೆಗೆ ಮುಂಚೆ 6 ವಾರ, ಅನಂತರ 6 ವಾರ ಬಿಡುವು, ಜೊತೆಗೆ ತಾಯಿ ಮಗುವಿನ ಪೋಷಣೆಗೆ ಧನಸಹಾಯ ಎಂಬ ಒಪ್ಪಂದ ಅಲ್ಲಿ ಅಂಗೀಕೃತವಾಯಿತು. ಅಂದಿನ ಭಾರತ ಸರಕಾರ ಅದಕ್ಕೆ ಮುದ್ರೆಯೊತ್ತಲಿಲ್ಲ. ಜೋಶಿಯವರು 1924ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ತಾವೇ ಮಸೂದೆ ತಂದರು. ಮರುವರ್ಷ ಅದು ಬಿದ್ದುಹೋಯಿತು.

ಮಸೂದೆ ಬಿದ್ದರೂ ವಿಚಾರ ಬೀಳಲಿಲ್ಲ. 1929ರಲ್ಲಿ ಮುಂಬಯಿ ಪ್ರಾಂತ ಹೆರಿಗೆ ಭತ್ಯದ ಕಾಯಿದೆ ಮಾಡಿತು. ಅದೇ ವರ್ಷ ರಾಯಲ್ ಕಾರ್ಮಿಕ ಆಯೋಗದ ಸದಸ್ಯರಾದ ಜೋಶಿಯವರು ತಮ್ಮ ಬೇಡಿಕೆಯನ್ನು ಅಲ್ಲಿಗೂ ಒಯ್ದರು. 1931ರ ಅದರ ವರದಿ ಇಂಥ ಶಾಸನವನ್ನು ದೇಶಕ್ಕೆಲ್ಲ ಶಿಫಾರಸು ಮಾಡಿತು. 1937ರಲ್ಲಿ ಮೈಸೂರು ಸಂಸ್ಥಾನವೂ ಆ ದಾರಿ ಹಿಡಿಯಿತು.

1955ರಲ್ಲಿ ಜೋಶಿಯವರು ತೀರಿಕೊಂಡರು. 1961ರ ಕಾಯಿದೆ 12 ವಾರಗಳ ಸಂಬಳವನ್ನು ಹಕ್ಕಾಗಿಸಿತು; 2017ರ ತಿದ್ದುಪಡಿ ಮೊದಲ ಎರಡು ಹೆರಿಗೆಗೆ ಅದನ್ನು 26 ವಾರಕ್ಕೇರಿಸಿತು. ನಾಳೆ ಉದ್ಯೋಗಕ್ಕೆ ಹೋಗಲಿರುವ ನಮ್ಮ ಸಹೋದರಿಯರು ಇದನ್ನು ಯಾರದೋ ಕೃಪೆಯೆಂದು ಎಣಿಸಬಾರದು. ಸೋತ ಒಂದು ಮಸೂದೆಯ ಫಲವದು.