ಇಂಜಿನ್ನಿಗೆ ಔಷಧ, ಮಕ್ಕಳಿಗೆ ವಿಷ: ಥಾಮಸ್ ಮಿಡ್ಗ್ಲಿ ಬದುಕು

ನಿಮ್ಮ ಕಾರಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆದು ನೋಡಿ. ಹಲವು ಕಾರುಗಳಲ್ಲಿ ಅಲ್ಲಿ 'ಅನ್‌ಲೆಡೆಡ್ ಫ್ಯೂಯೆಲ್ ಓನ್ಲಿ' ಎಂದು ಬರೆದಿರುತ್ತದೆ. ಸೀಸ ಬೆರೆಸದ ಪೆಟ್ರೋಲನ್ನೇ ಹಾಕಿ ಎಂದರ್ಥ. ಹಾಗಾದರೆ ಸೀಸ ಬೆರೆಸಿದವರು ಯಾರು, ಯಾಕೆ?

ಅದು ಅಮೆರಿಕದ ಥಾಮಸ್ ಮಿಡ್ಗ್ಲಿ ಅವರ ಕಥೆ. 1889ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಅವರು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ರಸಾಯನಶಾಸ್ತ್ರವಲ್ಲ. 1916ರಲ್ಲಿ ಒಹಾಯೋದ ಡೇಟನ್ನಿನಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಪ್ರಯೋಗಾಲಯ ಸೇರಿದರು. ಅದು ಮುಂದೆ ಜನರಲ್ ಮೋಟಾರ್ಸ್ ಕಂಪನಿಯ ಭಾಗವಾಯಿತು. ಅಲ್ಲಿ ಅವರಿಗೆ ಸಿಕ್ಕ ಕೆಲಸ ಇಂಜಿನ್ನಿನ 'ನಾಕಿಂಗ್' ನಿಲ್ಲಿಸುವುದು.

ಸಿಲಿಂಡರಿನೊಳಗೆ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒತ್ತಡದಿಂದ ಬಿಸಿಯಾಗಿರುತ್ತದೆ. ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಹೊತ್ತಿಕೊಂಡರೆ ಕಟಕಟ ಸದ್ದು ಬರುತ್ತದೆ, ಕ್ರಮೇಣ ಇಂಜಿನ್ ಹಾಳಾಗುತ್ತದೆ. ಹಾಗೆ ಹೊತ್ತಿಕೊಳ್ಳದಂತೆ ತಡೆಯುವ ಗುಣದ ಅಳತೆಯೇ ಆಕ್ಟೇನ್ ಸಂಖ್ಯೆ. ಅದು ಪೆಟ್ರೋಲಿನ ಶಕ್ತಿಯ ಅಳತೆಯಲ್ಲ. ಕಾರಿನ ಕೈಪಿಡಿ 91 ಸಾಕು ಎಂದಿದ್ದರೆ 100 ಆಕ್ಟೇನ್ ಹಾಕಿಸಿ ಹೆಚ್ಚಿನ ಲಾಭವೇನೂ ಇಲ್ಲ. 250 ಎಂಜಿ ಮಾತ್ರೆ ಬರೆದುಕೊಟ್ಟಿರುವಾಗ 500 ಕೇಳುವವರಿಗೂ ನಾನು ಹೇಳುವುದು ಇಂಥದ್ದನ್ನೇ.

ಮಿಡ್ಗ್ಲಿ ನೂರಾರು ವಸ್ತುಗಳನ್ನು ಪರೀಕ್ಷಿಸಿದರು. ಆಲ್ಕೋಹಾಲ್ ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆಂದು ಅವರಿಗೆ ಗೊತ್ತಿತ್ತು. ಆದರೆ ಅದು ಹೆಚ್ಚು ಪ್ರಮಾಣದಲ್ಲಿ ಬೇಕು, ಅದಕ್ಕೆ ಪೇಟೆಂಟ್ ಪಡೆಯಲೂ ಆಗದು. 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಲೆಡ್ ಪರೀಕ್ಷಿಸಿದಾಗ ಕೆಲವೇ ಹನಿಗಳಲ್ಲಿ ಸದ್ದು ನಿಂತಿತು. 1923ರಲ್ಲಿ ಮಾರಾಟ ಶುರುವಾಯಿತು. ಸೀಸದ ಸುಳಿವೇ ಇರದಂತೆ ಅದಕ್ಕೆ 'ಈಥೈಲ್' ಎಂದು ಹೆಸರಿಟ್ಟರು.

ಸೀಸ ವಿಷವೆಂಬುದು ಆಗಲೇ ಹಳೆಯ ಸಂಗತಿ. ಆ ವರ್ಷದ ಆರಂಭದಲ್ಲಿ ಸ್ವತಃ ಮಿಡ್ಗ್ಲಿಯೇ ಸೀಸದ ವಿಷಬಾಧೆಯಿಂದ ಬಳಲಿ ಫ್ಲೋರಿಡಾಗೆ ವಿಶ್ರಾಂತಿಗೆ ಹೋಗಿದ್ದರು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಘಟಕವೊಂದರಲ್ಲಿ ಐವರು ಕಾರ್ಮಿಕರು ಚಿತ್ತಭ್ರಮೆ, ಸೆಳೆತಗಳಿಂದ ಸತ್ತರು. ಅದೇ ತಿಂಗಳು ಮಿಡ್ಗ್ಲಿ ಪತ್ರಕರ್ತರ ಮುಂದೆ ಆ ದ್ರವದಲ್ಲಿ ಕೈ ತೊಳೆದು, ಒಂದು ನಿಮಿಷ ಅದರ ಆವಿ ಮೂಸಿ, ಏನೂ ಆಗದು ಎಂದು ತೋರಿಸಿದರು. ತಿಳಿಯದೆ ಮಾಡಿದ ತಪ್ಪನ್ನು ಕ್ಷಮಿಸಬಹುದು. ಇವರಿಗೆ ತಿಳಿದಿತ್ತು. 1925ರಲ್ಲಿ ಮಾರಾಟ ನಿಂತರೂ, ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಅಂಥವರು ವಿರೋಧಿಸಿದರೂ, ಮರುವರ್ಷವೇ ಮತ್ತೆ ಶುರುವಾಯಿತು.

ಹೊಗೆಯಲ್ಲಿ ಬಂದ ಸೀಸವನ್ನು ದೇಹ ಕ್ಯಾಲ್ಸಿಯಂ ಎಂದೇ ತಿಳಿದು ಮೂಳೆಯಲ್ಲಿ ಕೂಡಿಡುತ್ತದೆ, ದಶಕಗಳ ಕಾಲ. ಗರ್ಭಿಣಿಯ ಮೂಳೆಯಿಂದ ಅದು ಮಗುವಿಗೂ ತಲುಪಬಲ್ಲದು. ಮಕ್ಕಳ ಕಲಿಕೆ, ಗಮನ ಕುಗ್ಗುತ್ತದೆ; ದೊಡ್ಡವರಲ್ಲಿ ರಕ್ತದೊತ್ತಡ, ಕಿಡ್ನಿಯ ತೊಂದರೆ. ಇಷ್ಟಿದ್ದರೆ ಅಪಾಯವಿಲ್ಲ ಎಂಬ ಮಟ್ಟವೇ ಇಲ್ಲ.

ಮಿಡ್ಗ್ಲಿ ಮುಂದೆ ಫ್ರಿಜ್‌ಗಳಿಗೆ ಫ್ರಿಯಾನ್ ಅನಿಲ ಕೊಟ್ಟರು. ಅದರ ಬಳಗದ ಅನಿಲಗಳು ಓಝೋನ್ ಪದರಕ್ಕೆ ಹಾನಿ ಮಾಡುತ್ತವೆಂದು ತಿಳಿದದ್ದು ಅವರು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ; ಆ ತಪ್ಪನ್ನು ಅವರ ತಲೆಗೆ ಕಟ್ಟಲಾರೆ. 1940ರಲ್ಲಿ ಪೋಲಿಯೋ ಅವರನ್ನು ಹಾಸಿಗೆಗೆ ಕೆಡವಿತು. ಏಳಲು ಹಗ್ಗ, ರಾಟೆಗಳ ಸಾಧನವನ್ನು ತಾವೇ ರೂಪಿಸಿಕೊಂಡರು. 1944ರ ನವೆಂಬರ್ 2ರಂದು ಅದೇ ಹಗ್ಗಗಳಿಂದ ಅವರ ಸಾವಾಯಿತು. ಆಗ 55 ವರ್ಷ.

ಭಾರತದಲ್ಲಿ ಸೀಸದ ಪೆಟ್ರೋಲ್ ನಿಂತದ್ದು 2000ದಲ್ಲಿ. ಕೊನೆಯದಾಗಿ ಅಲ್ಜೀರಿಯಾದಲ್ಲಿ, 2021ರಲ್ಲಿ. ಮಿಡ್ಗ್ಲಿ ಬದಿಗಿಟ್ಟ ಆಲ್ಕೋಹಾಲ್ ಈಗ ಎಥನಾಲ್ ಹೆಸರಿನಲ್ಲಿ ನಿಮ್ಮ ಟ್ಯಾಂಕಿನಲ್ಲೇ ಇದೆ.

ಆದರೆ ಸೀಸ ಮನೆ ಬಿಟ್ಟು ಹೋಗಿಲ್ಲ. ಹಳೆಯ ಗೋಡೆಯ ಬಣ್ಣ, ಬ್ಯಾಟರಿ ಬಿಚ್ಚುವ ಕೆಲಸ, ಕಲಬೆರಕೆ ಅರಿಶಿನ, ಕೆಲವು ಸುರ್ಮಾ ಮತ್ತು ಭಸ್ಮಗಳಲ್ಲಿ ಸಿಗುತ್ತದೆ. ಮಗುವಿಗೆ ಪದೇಪದೇ ಹೊಟ್ಟೆನೋವು, ರಕ್ತಹೀನತೆ, ಕಲಿಕೆಯಲ್ಲಿ ಹಿನ್ನಡೆ ಇದ್ದು, ಮನೆಯಲ್ಲಿ ಇವುಗಳ ಸಂಪರ್ಕವೂ ಇದ್ದರೆ ಡಾಕ್ಟರಿಗೆ ಅದನ್ನು ಹೇಳಿ, ರಕ್ತದಲ್ಲಿ ಸೀಸದ ಪರೀಕ್ಷೆ ಬೇಕೇ ಎಂದು ಕೇಳಿ. ಬೆರಳಿನಿಂದ ತೆಗೆದ ರಕ್ತದಲ್ಲಿ ಹೆಚ್ಚು ಬಂದರೆ ಗಾಬರಿಯಾಗಬೇಡಿ, ಚರ್ಮದ ಮೇಲಿನ ಧೂಳೂ ಅದರಲ್ಲಿ ಸೇರಿರಬಹುದು; ರಕ್ತನಾಳದಿಂದ ತೆಗೆದು ಮತ್ತೊಮ್ಮೆ ನೋಡುತ್ತಾರೆ.