ತನ್ನ ಕಣ್ಣನ್ನು ತಾನೇ ಅಳೆದವನು

ಆಕಾಶವನ್ನು ವೀಕ್ಷಿಸುವವನಿಗೆ ಕಣ್ಣೇ ಮೊದಲ ಉಪಕರಣ. ಅದರಲ್ಲಿಯೇ ಕುಂದಿದ್ದರೆ ಉತ್ತಮ ದೂರದರ್ಶಕವೂ ವ್ಯರ್ಥ. ತನ್ನ ಕಣ್ಣಿನ ಕುಂದಿಗೆ ಕೊರಗದೆ, ಅದನ್ನು ಅಳೆದು ಪರಿಹಾರ ಕಂಡುಕೊಂಡ ಖಗೋಳ ವಿಜ್ಞಾನಿ ಜಾರ್ಜ್ ಬಿಡೆಲ್ ಏಯ್ರಿ.

ಏಯ್ರಿಯು 1801ರ ಜುಲೈ 27ರಂದು ಇಂಗ್ಲೆಂಡಿನ ಆನಿಕ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಸುಂಕದ ಇಲಾಖೆಯ ನೌಕರ. ಮನೆಯಲ್ಲಿ ಸಿರಿತನವಿರಲಿಲ್ಲ. 1819ರಲ್ಲಿ ಆತನು ಶುಲ್ಕದ ರಿಯಾಯಿತಿ ಪಡೆದು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜನ್ನು ಸೇರಿದನು; 1823ರ ಗಣಿತ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿದನು.

ಓದುವಾಗ ತನ್ನ ಎಡಗಣ್ಣು ನೆರವಾಗುತ್ತಿಲ್ಲವೆಂಬುದು ಏಯ್ರಿಯ ಗಮನಕ್ಕೆ ಬಂದಿತು. ಸಾಮಾನ್ಯ ಮಸೂರಗಳಿಂದ ಪ್ರಯೋಜನವಾಗಲಿಲ್ಲ. ಆಗ ಆತನು ಒಂದು ರಟ್ಟಿನಲ್ಲಿ ಸೂಜಿಯಿಂದ ರಂಧ್ರ ಮಾಡಿ, ಬೆಳಕಿಗೆ ಹಿಡಿದು, ಹಿಂದೆ ಮುಂದೆ ಸರಿಸಿ ನೋಡಿದನು. ಬೆಳಕಿನ ಬಿಂದು ಎಲ್ಲಿಯೂ ಬಿಂದುವಾಗಿ ಕಾಣಲಿಲ್ಲ. ಆರು ಅಂಗುಲ ದೂರದಲ್ಲಿ ಅದು ಒಂದು ದಿಕ್ಕಿಗೆ ಚಾಚಿದ ಗೆರೆಯಾಯಿತು. ಮೂರೂವರೆ ಅಂಗುಲದಲ್ಲಿ ಅದಕ್ಕೆ ಅಡ್ಡಲಾದ ಗೆರೆಯಾಯಿತು. ಕಣ್ಣಿನ ಬಾಗು ಎಲ್ಲ ದಿಕ್ಕಿನಲ್ಲಿಯೂ ಸಮನಾಗಿಲ್ಲವೆಂಬುದು ಇದರಿಂದ ಸ್ಪಷ್ಟವಾಯಿತು. ಥಾಮಸ್ ಯಂಗನು 1801ರಲ್ಲಿಯೇ ತನ್ನ ಕಣ್ಣಿನ ಇಂತಹ ದೋಷವನ್ನು ವಿವರಿಸಿದ್ದನು. ಏಯ್ರಿಯು ಮುಂದಿನ ಹೆಜ್ಜೆಯಿಟ್ಟನು. ಒಂದು ಮುಖ ಗೋಳದಂತೆಯೂ ಇನ್ನೊಂದು ಮುಖ ಸಿಲಿಂಡರಿನಂತೆಯೂ ಬಾಗಿರುವ ಮಸೂರವನ್ನು ಲೆಕ್ಕ ಹಾಕಿ, ಇಪ್ಸ್‌ವಿಚ್‌ನ ಫುಲ್ಲರ್ ಎಂಬ ಕುಶಲಕರ್ಮಿಯಿಂದ ಮಾಡಿಸಿದನು. ಎಡಗಣ್ಣು ಸ್ಪಷ್ಟವಾಗಿ ಕಾಣತೊಡಗಿತು. 1825ರಲ್ಲಿ ಈ ವಿವರಗಳನ್ನು ಕೇಂಬ್ರಿಜ್‌ನ ವಿದ್ವಾಂಸರ ಮುಂದಿಟ್ಟನು. ದಶಕಗಳು ಕಳೆದ ಮೇಲೂ ಆ ಕಣ್ಣನ್ನು ಮತ್ತೆ ಮತ್ತೆ ಅಳೆದು ನೋಡಿದನು. ಅಸಮದೃಷ್ಟಿಯೆಂದು ಕರೆಯುವ ದೋಷ ಇದೇ.

1835ರಲ್ಲಿ ಏಯ್ರಿ ರಾಜಖಗೋಳಜ್ಞನಾಗಿ ನೇಮಕಗೊಂಡು, 1881ರವರೆಗೆ ಗ್ರೀನಿಚ್ ವೀಕ್ಷಣಾಲಯವನ್ನು ನಡೆಸಿದನು. ಅಲ್ಲಿ ಆತನು ಸ್ಥಾಪಿಸಿದ ದೂರದರ್ಶಕದ ಮೂಲಕ ಹಾಯುವ ರೇಖೆಯನ್ನೇ 1884ರಲ್ಲಿ ಭೂಮಿಯ ಸೊನ್ನೆ ರೇಖಾಂಶವೆಂದು ಅಂಗೀಕರಿಸಲಾಯಿತು. ಆತನು 1892ರ ಜನವರಿ 2ರಂದು ನಿಧನನಾದನು.

ಸಮೀಪದೃಷ್ಟಿಯುಳ್ಳವನು ದೂರದರ್ಶಕದ ತಿರುಪನ್ನು ಹೊಂದಿಸಿಕೊಂಡು, ಕನ್ನಡಕವಿಲ್ಲದೆಯೇ ನಕ್ಷತ್ರವನ್ನು ಸ್ಪಷ್ಟವಾಗಿ ಕಾಣಬಲ್ಲನು. ಅಸಮದೃಷ್ಟಿಯುಳ್ಳವನಿಗೆ ಅದು ಸಾಧ್ಯವಿಲ್ಲ. ಆದುದರಿಂದ ಹವ್ಯಾಸಿ ವೀಕ್ಷಕರಲ್ಲಿ ಕೆಲವರು ತಮ್ಮ ಕಣ್ಣಿಗೆ ತಕ್ಕ ಮಸೂರವನ್ನು ದೂರದರ್ಶಕದ ನೇತ್ರಕಕ್ಕೇ ಜೋಡಿಸಿಕೊಳ್ಳುತ್ತಾರೆ. ಮೊಳಕಾಲ್ಮೂರು ಸೀಮೆಯ ದೇವಸಮುದ್ರದಂತಹ ಊರಿನ ವಿದ್ಯಾರ್ಥಿಗೆ ಕಣ್ಣಿನ ವೈದ್ಯರು ಬರೆದುಕೊಡುವ ಚೀಟಿಯಲ್ಲಿಯೂ ಸಿಲಿಂಡರಿನ ಅಂಕಿಗೆ ಒಂದು ಸ್ಥಾನವಿದೆ. ತನ್ನೊಂದು ಕಣ್ಣಿಗಾಗಿ ಏಯ್ರಿ ಪಟ್ಟ ಶ್ರಮವು ಲೋಕದ ಅಸಂಖ್ಯ ಕಣ್ಣುಗಳಿಗೆ ಬೆಳಕಾಯಿತು.