ಆಗಸ್ಟೀನನೂ ಕಾಲದ ಗಂಟೂ

ದೇವರು ಈ ಪ್ರಪಂಚವನ್ನು ಸೃಷ್ಟಿ ಮಾಡೋದಕ್ಕೆ ಮುಂಚೆ ಏನು ಮಾಡ್ತಾ ಇದ್ದ? ಹಾಸ್ಟೆಲ್ಲುಗಳಲ್ಲಿ ರಾತ್ರಿ ಹನ್ನೆರಡರ ಮೇಲೆ ಹುಟ್ಟುವ ಪ್ರಶ್ನೆ ಇದು. ಕೇಳಿದವನು ನಗ್ತಾನೆ, ಕೇಳಿಸಿಕೊಂಡವನೂ ನಗ್ತಾನೆ, ಮಾತು ಅಲ್ಲಿಗೆ ಮುಗಿಯುತ್ತದೆ. ಸಾವಿರದ ಆರುನೂರು ವರ್ಷಗಳ ಹಿಂದೆ ಉತ್ತರ ಆಫ್ರಿಕದಲ್ಲಿ ಒಬ್ಬಾತ ಮಾತ್ರ ನಗದೆ ಈ ಪ್ರಶ್ನೆಯ ಎದುರು ಕೂತ. ಅವನು ಆಗಸ್ಟೀನ್. ಚರ್ಚು ಅವನನ್ನು ಸಂತ ಎನ್ನುತ್ತದೆ. ನಾವಿಲ್ಲಿ ಮನುಷ್ಯನ ವಿಚಾರ ನೋಡೋಣ.

ಹುಟ್ಟಿದ್ದು 354ರ ನವೆಂಬರ್ 13ರಂದು, ತಗಾಸ್ತೆ ಎಂಬ ಸಣ್ಣ ಊರಿನಲ್ಲಿ. ಈಗಿನ ಅಲ್ಜೀರಿಯದ ಸೂಕ್ ಅಹ್ರಾಸ್ ಅದೇ ಜಾಗ. ಆಗ ಅದು ರೋಮನ್ ಸಾಮ್ರಾಜ್ಯದ ಒಂದು ಮೂಲೆ. ತಂದೆ ಪೆಟ್ರೀಸಿಯಸ್‌ಗೆ ಜಮೀನು ಸ್ವಲ್ಪ, ಕೋಪ ಜಾಸ್ತಿ. ತಾಯಿ ಮೋನಿಕಾ ಕಟ್ಟಾ ಕ್ರೈಸ್ತಳು. ಹುಡುಗ ಚುರುಕು, ಲ್ಯಾಟಿನ್ ಅಂದ್ರೆ ಪ್ರಾಣ, ಗ್ರೀಕ್ ಕಂಡ್ರೆ ಆಗದು. ಮನೆಯಲ್ಲಿ ದುಡ್ಡು ಸಾಲದೆ ಹದಿನಾರನೇ ವಯಸ್ಸಿನಲ್ಲಿ ಒಂದು ವರ್ಷ ಓದೇ ನಿಂತುಹೋಯಿತು. ಆಮೇಲೆ ಊರಿನ ಶ್ರೀಮಂತನೊಬ್ಬನ ಸಹಾಯದಿಂದ ಕಾರ್ಥೇಜ್ ಸೇರಿದ. ಊರು ಬಿಟ್ಟು ದೊಡ್ಡ ಪಟ್ಟಣಕ್ಕೆ ಓದಲು ಬಂದ ಹುಡುಗನ ಪಾಡು ಏನೆಂದು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ಅಲ್ಲಿ ಮದುವೆಯಿಲ್ಲದೆಯೇ ಒಬ್ಬ ಹೆಣ್ಣಿನ ಜೊತೆ ಸಂಸಾರ ಹೂಡಿದ. ಮಗ ಹುಟ್ಟಿದ. ಹೆಸರು ಅಡಿಯೊಡೇಟಸ್, ದೇವರು ಕೊಟ್ಟವನು ಅಂತ ಅರ್ಥ. ನಮ್ಮ ದೇವದತ್ತ ಅನ್ನಿ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಸಿಸೆರೋನ ಒಂದು ಪುಸ್ತಕ ಓದಿ ಸತ್ಯ ಹುಡುಕಬೇಕೆಂಬ ಹುಚ್ಚು ಹತ್ತಿತು. ಹುಡುಕಿಕೊಂಡು ಹೋಗಿ ಸೇರಿದ್ದು ಮಾನಿಯ ಪಂಥವನ್ನು. ಬೆಳಕು, ಕತ್ತಲೆ ಎಂಬ ಎರಡು ಶಕ್ತಿಗಳ ಹೋರಾಟವೇ ಲೋಕ ಎನ್ನುವವರು ಅವರು. ಬೈಬಲಿನ ಮೊದಲ ಸಾಲು ಕಂಡರೆ ಅವರಿಗೆ ತಮಾಷೆ. ಆದಿಯಲ್ಲಿ ದೇವರು ಸೃಷ್ಟಿಸಿದನಂತೆ, ಸರಿ. ಅದಕ್ಕೆ ಮುಂಚೆ ಕೈಕಟ್ಟಿ ಕೂತಿದ್ದನೋ? ಇದ್ದಕ್ಕಿದ್ದ ಹಾಗೆ ಮನಸ್ಸು ಬಂದದ್ದು ಯಾಕೆ? ಸುಮಾರು ಒಂಬತ್ತು ವರ್ಷ ಆಗಸ್ಟೀನ್ ಈ ಗುಂಪಿನಲ್ಲಿದ್ದ. ಹಾಗಾಗಿ ಮುಂದೆ ಅವನು ಉತ್ತರ ಹೇಳಬೇಕಾದ ಪ್ರಶ್ನೆ ಪರರದ್ದಲ್ಲ, ತನ್ನ ಹಳೆಯ ಗೆಳೆಯರದ್ದೇ. ಅವನ ಸಂದೇಹಗಳಿಗೆಲ್ಲ ಆ ಪಂಥದ ಮಹಾಪಂಡಿತ ಫೌಸ್ಟಸ್ ಬಂದು ಉತ್ತರ ಕೊಡ್ತಾನೆ ಅಂತ ಉಳಿದವರು ಹೇಳಿದ್ದರು. ಫೌಸ್ಟಸ್ ಬಂದ. ಮಾತು ಜೇನು, ಸರಕು ಕಡಿಮೆ. ಗ್ರಹನಕ್ಷತ್ರಗಳ ಲೆಕ್ಕ ತನಗೆ ತಿಳಿಯದೆಂದು ಒಪ್ಪಿಕೊಂಡ. ಆ ಪ್ರಾಮಾಣಿಕತೆ ಆಗಸ್ಟೀನನಿಗೆ ಮೆಚ್ಚುಗೆಯಾಯಿತು, ಪಂಥದ ಮೇಲಿನ ನಂಬಿಕೆ ಮಾತ್ರ ಕಳಚಿಬಿತ್ತು.

383ರಲ್ಲಿ ರೋಮ್, 384ರಲ್ಲಿ ಮಿಲಾನ್. ಅಲ್ಲಿ ಭಾಷಣಕಲೆಯ ಪ್ರಾಧ್ಯಾಪಕ ಹುದ್ದೆ. ಅಲ್ಲಿಯ ಬಿಷಪ್ ಆಂಬ್ರೋಸನ ಪ್ರವಚನಗಳನ್ನು ಮೊದಲು ಕೇಳಿದ್ದು ಶೈಲಿಗಾಗಿ. ಅರ್ಥ ಆಮೇಲೆ ಒಳಗಿಳಿಯಿತು. ಜೊತೆಗೆ ಪ್ಲೇಟೋ ಪರಂಪರೆಯ ಕೆಲವು ಪುಸ್ತಕಗಳು ಕೈಗೆ ಬಂದವು. ಅಲ್ಲಿಯವರೆಗೂ ಅವನಿಗೆ ದೇವರು ಅಂದ್ರೆ ಆಕಾಶದಲ್ಲೆಲ್ಲ ಹರಡಿಕೊಂಡ ಒಂದು ಸೂಕ್ಷ್ಮ ದ್ರವ್ಯ. ಅಂಥ ದೇವರಿಗೆ ಜಾಗವೂ ಬೇಕು, ನಿನ್ನೆ ನಾಳೆಗಳೂ ಬೇಕು. ದೇಹವೇ ಇಲ್ಲದ, ಬದಲಾಗದ ಇರವು ಒಂದು ಸಾಧ್ಯ ಎಂದು ಹೊಳೆದದ್ದು ಈ ಓದಿನಿಂದ.

ಇದೇ ಕಾಲದಲ್ಲಿ ಅವನು ಮಾಡಿದ ಒಂದು ಕೆಲಸವನ್ನು ನುಂಗುವುದು ಕಷ್ಟ. ದೊಡ್ಡ ಮನೆತನದ ಸಂಬಂಧ ಕುದುರಿತೆಂದು, ಸುಮಾರು ಹದಿಮೂರು ವರ್ಷ ಜೊತೆಗಿದ್ದ ಹೆಂಗಸನ್ನು ಆಫ್ರಿಕಕ್ಕೆ ವಾಪಸು ಕಳಿಸಿದ. ಮಗನನ್ನು ಇಟ್ಟುಕೊಂಡ. ಬೇರೆ ಗಂಡಸಿನ ಮುಖ ನೋಡುವುದಿಲ್ಲವೆಂದು ಹರಕೆ ಹೊತ್ತು ಅವಳು ಹೋದಳು. ತನ್ನ ಎದೆ ಸೀಳಿತೆಂದು ಆತ ಬರೆದುಕೊಂಡಿದ್ದಾನೆ. ಅವಳ ಹೆಸರನ್ನು ಮಾತ್ರ ಎಲ್ಲೂ ಬರೆಯಲಿಲ್ಲ. ಕೊನೆಗೆ ಆ ಮದುವೆಯೂ ಆಗಲಿಲ್ಲ.

386ರಲ್ಲಿ ಮನಸ್ಸು ತಿರುಗಿ ಕೆಲಸ ಬಿಟ್ಟ. 387ರ ಈಸ್ಟರ್ ಹಬ್ಬದ ರಾತ್ರಿ ಆಂಬ್ರೋಸನಿಂದ ದೀಕ್ಷಾಸ್ನಾನ. ಆಫ್ರಿಕಕ್ಕೆ ಮರಳಲು ಹಡಗು ಕಾಯುತ್ತ ಓಸ್ಟಿಯ ಬಂದರಿನಲ್ಲಿ ತಂಗಿದ್ದಾಗ ಒಂದು ದಿನ ತಾಯಿ ಮಗ ಇಬ್ಬರೇ ಕಿಟಕಿಯ ಹತ್ತಿರ ನಿಂತು ಮಾತಾಡಿದರು. ಇತ್ತು, ಇರುತ್ತದೆ ಎಂಬುದಿಲ್ಲದೆ ಬರೀ ಇದೆ ಎಂಬುದಷ್ಟೇ ಇರುವ ಬದುಕು ಹೇಗಿರಬಹುದು ಅಂತ. ಮಾತು ಮೇಲೇರಿ ಏರಿ ಒಂದು ಕ್ಷಣ ಅದನ್ನು ಮುಟ್ಟಿದಂತಾಯಿತಂತೆ. ಮರುಕ್ಷಣ ಮತ್ತೆ ಆದಿ ಅಂತ್ಯಗಳುಳ್ಳ ಮಾತಿನ ಸದ್ದಿಗೆ ಇಳಿದರು. ಕೆಲವೇ ದಿನಗಳಲ್ಲಿ ಮೋನಿಕಾಗೆ ಜ್ವರ. ಒಂಬತ್ತನೇ ದಿನ ತೀರಿಕೊಂಡಳು, ಐವತ್ತಾರು ವರ್ಷ. ಮಣ್ಣು ಮಾಡುವಾಗ ಅವನು ಅಳಲಿಲ್ಲ. ಆಮೇಲೆ ಮಲಗಿ ಎದ್ದಾಗ ಆಂಬ್ರೋಸ್ ಬರೆದ ಸಂಜೆ ಪ್ರಾರ್ಥನೆಯ ಹಾಡೊಂದು ನೆನಪಿಗೆ ಬಂತು, ಮನಸ್ಸು ಸಡಿಲವಾಯಿತು, ಅತ್ತ. ಈ ಹಾಡನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಊರಿಗೆ ಮರಳಿದ್ದು 388ರಲ್ಲಿ. ಹೆಚ್ಚು ದಿನ ಕಳೆಯುವ ಮೊದಲೇ ಮಗನೂ ಹೋದ, ಹದಿನೇಳರ ಆಸುಪಾಸಿನಲ್ಲಿ. 391ರಲ್ಲಿ ಯಾರನ್ನೋ ಕಾಣಲು ಹಿಪ್ಪೋ ಪಟ್ಟಣಕ್ಕೆ ಹೋದವನನ್ನು ಚರ್ಚಿನಲ್ಲಿ ಜನ ಹಿಡಿದು ಪಾದ್ರಿ ಮಾಡಿಬಿಟ್ಟರು. ನಾಲ್ಕೈದು ವರ್ಷದಲ್ಲಿ ಬಿಷಪ್. ಹಗಲೆಲ್ಲ ಜನರ ಆಸ್ತಿ ಜಗಳದ ಪಂಚಾಯಿತಿ, ರಾತ್ರಿ ಬರವಣಿಗೆ. 397ರಿಂದ ಮೂರು ನಾಲ್ಕು ವರ್ಷದಲ್ಲಿ ಹದಿಮೂರು ಭಾಗಗಳ ಕನ್ಫೆಷನ್ಸ್ ಮುಗಿಸಿದ. ಅದರ ಹನ್ನೊಂದನೇ ಭಾಗದಲ್ಲಿ ಹಳೆಯ ಪ್ರಶ್ನೆ ಮತ್ತೆ ಎದುರಾಗುತ್ತದೆ.

ಅದಕ್ಕೊಂದು ಸಿದ್ಧ ಉತ್ತರ ಆಗಲೇ ಚಾಲ್ತಿಯಲ್ಲಿತ್ತು: ಇಂಥ ಅಧಿಕಪ್ರಸಂಗಿಗಳಿಗಾಗಿ ದೇವರು ನರಕ ಕಟ್ತಾ ಇದ್ದ ಅಂತ. ಆಗಸ್ಟೀನ್ ಈ ಜೋಕನ್ನು ಹೇಳಿ ಬದಿಗಿಡುತ್ತಾನೆ. ಕೇಳಿದವನನ್ನು ನಗೆಪಾಟಲು ಮಾಡುವುದಕ್ಕಿಂತ ಗೊತ್ತಿಲ್ಲ ಅನ್ನೋದೇ ಮೇಲು ಎಂಬುದು ಅವನ ಪಕ್ಷ. ಯಾಕೆಂದರೆ ಪ್ರಶ್ನೆಗೆ ಹಲ್ಲಿದೆ. ಸೃಷ್ಟಿಸುವ ಇಚ್ಛೆ ದೇವರಲ್ಲಿ ಹೊಸದಾಗಿ ಹುಟ್ಟಿತು ಅಂದರೆ ದೇವರು ಬದಲಾದ ಹಾಗಾಯಿತು, ನಿತ್ಯ ಅನ್ನುವಂತಿಲ್ಲ. ಇಚ್ಛೆ ಅನಾದಿ ಅಂದರೆ ಸೃಷ್ಟಿಯೂ ಯಾಕೆ ಅನಾದಿಯಲ್ಲ? ಅವನು ಈ ಗಂಟನ್ನು ಬೇರೆ ತುದಿಯಿಂದ ಹಿಡಿದ. ಕಾಲವೂ ಸೃಷ್ಟಿಯೇ. ಕಾಲವೇ ಇಲ್ಲದ ಕಡೆ ಆಗ ಎಂಬುದಿಲ್ಲ. ಆಗ ಇಲ್ಲದ ಮೇಲೆ ಆಗ ಏನು ಮಾಡ್ತಿದ್ದ ಅನ್ನೋ ಮಾತಿಗೆ ಅರ್ಥವಿಲ್ಲ. ದೇವರು ಕಾಲಕ್ಕಿಂತ ಮುಂಚೆ ಇರುವುದು ಗಡಿಯಾರದ ಲೆಕ್ಕದಲ್ಲಲ್ಲ. ಅವನ ದಿನ ಇವತ್ತು ಒಂದೇ. ಅದು ನಿನ್ನೆಯಿಂದ ಬಂದದ್ದಲ್ಲ, ನಾಳೆಗೆ ಜಾಗ ಬಿಡುವುದೂ ಇಲ್ಲ. (ವಿಶ್ವಕ್ಕೆ ಆದಿಯಿದ್ದರೆ ಅದರ ಹಿಂದಿನ ಕಾಲದ ಮಾತು ಅರ್ಥಹೀನ ಎಂದು ಮೊದಲು ತೋರಿಸಿದವನು ಇವನೇ ಎಂದು ಸ್ಟೀಫನ್ ಹಾಕಿಂಗ್ 1988ರ ತನ್ನ ಪುಸ್ತಕದಲ್ಲಿ ನೆನೆದ. ಅವನಿಗೆ ದೇವರು ಬೇಕಿರಲಿಲ್ಲ, ತರ್ಕ ಬೇಕಾಯಿತು.)

ಇಷ್ಟಕ್ಕೆ ನಿಲ್ಲಿಸಿದ್ದರೆ ಜಾಣ ವಕೀಲ ಅನ್ನಬಹುದಿತ್ತು. ಅವನು ನಿಲ್ಲಲಿಲ್ಲ. ಹಾಗಾದರೆ ಕಾಲ ಅಂದ್ರೇನು? ಹೋದದ್ದು ಈಗಿಲ್ಲ, ಬರುವುದು ಇನ್ನೂ ಇಲ್ಲ. ಈಗಿನದನ್ನು ಹಿಡಿಯೋಣವೆಂದರೆ ನೂರು ವರ್ಷ ಒಂದು ವರ್ಷವಾಗಿ, ತಿಂಗಳಾಗಿ, ದಿನವಾಗಿ, ಗಂಟೆಯಾಗಿ ಕೊನೆಗೆ ಅಗಲವೇ ಇಲ್ಲದ ಬಿಂದುವಾಗುತ್ತದೆ. ಇಲ್ಲದ್ದನ್ನು ನಾವು ಉದ್ದ, ಗಿಡ್ಡ ಅಂತ ಅಳೆಯುವುದು ಹೇಗೆ? ಇಲ್ಲಿ ಅವನು ಉದಾಹರಣೆಗೆ ತರುವುದು ಒಂದು ಹಾಡಿನ ಮೊದಲ ಸಾಲನ್ನು. ಎಂಟು ಅಕ್ಷರ, ಲಘು ಗುರು, ಲಘು ಗುರು ಎಂದು ನಾಲ್ಕು ಸಲ. ಗುರುವಿಗೆ ಲಘುವಿನ ಎರಡರಷ್ಟು ಕಾಲ. ಕನ್ನಡ ತರಗತಿಯಲ್ಲಿ ಪ್ರಸ್ತಾರ ಹಾಕಿದ ಯಾರಿಗೂ ಇದು ಹೊಸದಲ್ಲ, ಅಲ್ವೇ? ಆದರೆ ಗುರುವನ್ನು ಲಘುವಿನಿಂದ ಅಳೆಯುವ ಹೊತ್ತಿಗೆ ಎರಡೂ ಸದ್ದು ಮುಗಿದುಹೋಗಿವೆ. ಅಂದ್ರೆ ಅಳೆದದ್ದು ಸದ್ದನ್ನಲ್ಲ, ನೆನಪಿನಲ್ಲಿ ಅದು ಬಿಟ್ಟುಹೋದ ಗುರುತನ್ನು. ನೆನಪು, ಗಮನ, ನಿರೀಕ್ಷೆ: ಮೂರೂ ಮನಸ್ಸಿನಲ್ಲೇ ಇವೆ. ಹಾಡು ಸಾಗಿದಂತೆ ನಿರೀಕ್ಷೆ ಕರಗುತ್ತದೆ, ನೆನಪು ಬೆಳೆಯುತ್ತದೆ. ಒಬ್ಬನ ಇಡೀ ಆಯುಷ್ಯವೂ ಹಾಗೆಯೇ.

ಆ ಸಾಲು ಯಾವುದು ಗೊತ್ತೇ? ಓಸ್ಟಿಯದಲ್ಲಿ ತಾಯಿಯನ್ನು ಮಣ್ಣು ಮಾಡಿದ ಮೇಲೆ ನೆನಪಾಗಿದ್ದ ಅದೇ ಹಾಡಿನದು. ಅವನು ಇದನ್ನು ಎತ್ತಿ ಹೇಳುವುದಿಲ್ಲ. ಒಂಬತ್ತನೇ ಭಾಗವನ್ನೂ ಹನ್ನೊಂದನೇ ಭಾಗವನ್ನೂ ಒಟ್ಟಿಗೆ ಓದಿದವರಿಗೆ ಕಾಣುತ್ತದೆ. ಗೆಳೆಯರು, ತಾಯಿ, ಮಗ, ಹೆಸರಿಲ್ಲದ ಆ ಹೆಂಗಸು, ಎಲ್ಲರೂ ಹೋದದ್ದರ ಲೆಕ್ಕದಲ್ಲಿದ್ದರು. ಹೋದದ್ದು ಎಲ್ಲಿದೆ ಎಂದು ಅವನು ಕೇಳಿದ್ದು ಬರೀ ತತ್ವಶಾಸ್ತ್ರದ ಪರೀಕ್ಷೆಗಾಗಿ ಅಂತ ನನಗಂತೂ ಅನ್ನಿಸುವುದಿಲ್ಲ.

ಮುಂದಿನ ಬದುಕು ಹೆಚ್ಚಾಗಿ ವಾದಗಳದ್ದು. ಡೊನಾಟಸ್ ಪಂಥದವರನ್ನು ಸರ್ಕಾರದ ಬಲ ಬಳಸಿ ಚರ್ಚಿಗೆ ತರುವುದನ್ನು ಒಪ್ಪಿದ್ದು ಅವನ ಹೆಸರಿಗೆ ಅಂಟಿದ ಕಲೆ. 410ರಲ್ಲಿ ಗಾಥರು ರೋಮನ್ನು ಸೂರೆ ಮಾಡಿದ ಮೇಲೆ, 413ರಿಂದ 426ರವರೆಗೆ, ದೇವನಗರಿಯ ಬಗೆಗಿನ ಇಪ್ಪತ್ತೆರಡು ಭಾಗಗಳ ಗ್ರಂಥ ಬರೆದ. ಅಲ್ಲೂ ಕಾಲದ ಈ ವಿಚಾರಕ್ಕೆ ಮರಳಿದ. 430ರಲ್ಲಿ ವ್ಯಾಂಡಲರ ದಂಡು ಹಿಪ್ಪೋವನ್ನು ಮುತ್ತಿತು. ಮುತ್ತಿಗೆಯ ಮೂರನೇ ತಿಂಗಳು ಜ್ವರ ಹಿಡಿದು ಮಲಗಿದ. ಪಶ್ಚಾತ್ತಾಪದ ಕೀರ್ತನೆಗಳನ್ನು ಬರೆಸಿ ಹಾಸಿಗೆಯ ಎದುರಿನ ಗೋಡೆಗೆ ಹಚ್ಚಿಸಿಕೊಂಡ. ವೈದ್ಯರು ಬರುವಾಗ, ಊಟ ತರುವಾಗ ಬಿಟ್ಟು ಬೇರೆ ಯಾರೂ ಒಳಗೆ ಬರಬಾರದೆಂದ. ಹಾಗೆ ಹತ್ತು ದಿನ. ಆಗಸ್ಟ್ 28ರಂದು ತೀರಿಕೊಂಡ, ಎಪ್ಪತ್ತಾರು ತುಂಬುವುದರೊಳಗೆ. ಉಯಿಲು ಬರೆಯಲಿಲ್ಲ, ಬರೆಯುವಷ್ಟು ಆಸ್ತಿ ಇರಲಿಲ್ಲ. ಊರಿಗೆ ಆಮೇಲೆ ಬೆಂಕಿ ಬಿತ್ತು. ಪುಸ್ತಕಗಳು ಉಳಿದವು.